ಕಂಬದ ಹಿಂದಿನ ಎಫ್-ಹನ್ನೊಂದು

ಹುಟ್ಟಿದಾಗ ನನಗೆ ಬೆನ್ನಿತ್ತು, ಕಾಲಿದ್ದವು, ಎರಡು ಕೈಗಳೂ ಇದ್ದವು. ತಲೆ ಮಾತ್ರ ಇರಲಿಲ್ಲ. ಅದು ಪ್ರತಿ ಆಟಕ್ಕೂ ಬೇರೆ ಬೇರೆಯವರದು ಬಂದು ಕೂಡಿಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಹೌದು, ನಾನೊಂದು ಕುರ್ಚಿ. ಪ್ಲಾಸ್ಟಿಕ್ಕಿನದಲ್ಲ, ದಯವಿಟ್ಟು! ಕಬ್ಬಿಣದ ಮೈ, ಪ್ಲೈವುಡ್ಡಿನ ಬೆನ್ನು, ಮೇಲೆ ಕೆಂಪು ರೆಕ್ಸಿನ್ನು. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕಿಡಿಗಳ ನಡುವೆ ಹುಟ್ಟಿದವನು. ಕೂತರೆ ಕೆಳಗಿಳಿಯುವ, ಎದ್ದರೆ ಮೇಲೆ ಮಡಚಿಕೊಳ್ಳುವ ಸೀಟು ನನ್ನದು. ಆ ಕಾಲಕ್ಕೆ ಅದು ಭಾರೀ ಫ್ಯಾಷನ್ನು.

ಮೊದಲು ಹೋಗಿದ್ದು ಒಂದು ಟಾಕೀಸಿಗೆ, ಅದರಲ್ಲೂ ಬಾಲ್ಕನಿಗೆ. ಅಲ್ಲಿ ಕಲಿತ ಮೊದಲ ಪಾಠವೇ ಕ್ಲಾಸು. ಪರದೆಗೆ ಮೂಗು ತಾಗುವಷ್ಟು ಮುಂದೆ ಬೆಂಚು ಹಾಕಿದ್ದರೆ ಅದು ಗಾಂಧಿ ಕ್ಲಾಸು. ಸಿಳ್ಳೆ, ಚಿಲ್ಲರೆ ಕಾಸು, ಹರಿದ ಕಾಗದ ಎಲ್ಲ ಹಾರುವುದು ಅಲ್ಲಿಂದ. ಎಲ್ಲಕ್ಕಿಂತ ಹಿಂದೆ, ಎಲ್ಲಕ್ಕಿಂತ ಮೇಲೆ ಇರುವುದು ಬಾಲ್ಕನಿ. ಇಲ್ಲಿಯವರು ಅಳು ಬಂದರೂ ಕರ್ಚೀಫಿನಲ್ಲಿ ಮುಚ್ಚಿಕೊಂಡು ಅಳುತ್ತಾರೆ. ಸಿನಿಮಾದಲ್ಲಿ ಹಿಂದೆ ಕೂತವನು ದೊಡ್ಡವನು, ನಾಟಕದಲ್ಲಿ ಮುಂದೆ ಕೂತವನು ದೊಡ್ಡವನು. ಈ ಲೆಕ್ಕ ಯಾಕೆ ತಿರುಗುಮುರುಗಾಯಿತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗೇಟಿನ ಹೊರಗೆ 'ಹೌಸ್‌ಫುಲ್' ಬೋರ್ಡು ಬಿದ್ದ ದಿನ ನಾವು ಕುರ್ಚಿಗಳು ಹಬ್ಬ ಮಾಡುತ್ತಿದ್ದೆವು. ಎಲ್ಲ ಟಿಕೆಟ್ಟೂ ಖರ್ಚಾಗಿದೆ, ಇನ್ನು ಒಬ್ಬರಿಗೂ ಜಾಗವಿಲ್ಲ ಎಂದು ಅದರ ಅರ್ಥ. ಆದರೆ ಆ ಬೋರ್ಡು ಬಿದ್ದ ಮೇಲೆಯೇ ಹೊರಗೆ ಪಾನ್ ಅಂಗಡಿಯ ಹತ್ತಿರ ಟಿಕೆಟ್ಟು ಸಿಗುತ್ತಿತ್ತು. ಅದಕ್ಕೆ 'ಬ್ಲ್ಯಾಕು' ಎನ್ನುತ್ತಿದ್ದರು. ಬ್ಲ್ಯಾಕಿನಲ್ಲಿ ಕೊಂಡು ಬಂದವರು ನನ್ನ ಮೇಲೆ ಸ್ವಲ್ಪ ಜಾಸ್ತಿಯೇ ಒರಗಿ ಕೂರುತ್ತಿದ್ದರು.

ಟಾಕೀಸು ಮುಚ್ಚಿತು. ನಮ್ಮನ್ನೆಲ್ಲ ಲಾರಿಗೆ ಹೇರಿ ಊರಿನ ಹಳೆಯ ನಾಟಕದ ಭವನಕ್ಕೆ ತಂದು ಇಳಿಸಿದರು. ಪೇಂಟರ್ ಬಂದು ನನ್ನ ಬೆನ್ನ ಮೇಲೆ 'ಎಫ್ ೧೧' ಎಂದು ಬರೆದ. ಹೊಸ ಹೆಸರು, ಹೊಸ ಆಟ ಎಂದು ಖುಷಿಯಿಂದ ಮುಂದೆ ನೋಡಿದೆ.

ಕಂಬ.

ವೇದಿಕೆಗೆ ಮುಖ ಮಾಡಿ ಕೂತರೆ ಭವನದ ಬಲಗಡೆಗೆ ಬರುವ ಒಂದು ದಪ್ಪ ಕಂಬ, ಸರಿಯಾಗಿ ನನ್ನ ಮುಂದೆ. ಮಾಳಿಗೆಯನ್ನು ಹೊತ್ತುಕೊಂಡದ್ದು ಅದೇ ಆದ್ದರಿಂದ ಬಯ್ಯುವ ಹಾಗೂ ಇಲ್ಲ. ಅದರ ಪಕ್ಕದಲ್ಲೇ ಹೊರಗೆ ಹೋಗುವ ಬಾಗಿಲು. ಬಾಗಿಲ ಮೇಲೆ 'ದಾರಿ' ಎಂದು ಬರೆದ ದೀಪದ ಡಬ್ಬಿ. ನಾಟಕಕ್ಕೆ ಭವನವೆಲ್ಲ ಕತ್ತಲಾದರೂ ಆ ದೀಪ ಆರುವುದಿಲ್ಲ, ಅದರ ಕೆಂಪು ಬೆಳಕು ನೇರ ನನ್ನ ಮೇಲೇ. ಮುಂದೆ ನೋಡಿದರೆ ಕಂಬ, ಮೇಲೆ ನೋಡಿದರೆ ದೀಪ. ಬಾಲ್ಕನಿಯವನ ಗತಿ ನೋಡಿ!

ಇಂಥ ಸೀಟಿಗೂ ಟಿಕೆಟ್ಟಿನ ಲೋಕದಲ್ಲಿ ಒಂದು ಮರ್ಯಾದೆಯ ಹೆಸರಿದೆ: 'ಅರೆನೋಟದ ಸೀಟು'. ಕೂತವರಿಗೆ ವೇದಿಕೆ ಪೂರ್ತಿ ಕಾಣದು ಎಂದು ಮೊದಲೇ ಹೇಳಿ ಕೊಡಬೇಕಾದ ಜಾಗ. ನಮ್ಮಲ್ಲಿ ಯಾರೂ ಮೊದಲೇ ಹೇಳುತ್ತಿರಲಿಲ್ಲ. ಕೂತ ಮೇಲೆ ಅವರಿಗೇ ತಿಳಿಯುತ್ತಿತ್ತು.

ಭವನದ ಗೇಟು ಕಾಯುವವರು ಹುಸೇನಸಾಬರು. ದೊಡ್ಡ ಮೀಸೆ, ಸಣ್ಣ ದನಿ. ಉಳಿದ ಪಾಠವೆಲ್ಲ ನಾನು ಕಲಿತದ್ದು ಅವರ ಜಗಳಗಳನ್ನು ಕೇಳಿ.

"ಫ್ರೀ ಸೀಟಿಂಗ್ ಅಂತ ಬರ್ದೀರಿ, ಮತ್ತ ಟಿಕೆಟ್ ಯಾಕ ಕೇಳ್ತೀರಿ?"

"ಯಣ್ಣಾ, ರೊಕ್ಕಾ ಕೊಟ್ಟು ಎಲ್ಲಿ ಬೇಕಾದ್ರೂ ಕೂಡೂದು ಫ್ರೀ. ರೊಕ್ಕಾ ಫ್ರೀ ಅಲ್ಲ."

ಫ್ರೀ ಸೀಟಿಂಗ್ ಇದ್ದ ದಿನ ಮೊದಲು ಒಳಗೆ ಬರುವುದು ಮನುಷ್ಯರಲ್ಲ, ಕರ್ಚೀಫುಗಳು. ಒಬ್ಬರೇ ಓಡಿ ಬಂದು ಒಂದು ಸಾಲಿಗೆಲ್ಲ ಕರ್ಚೀಫು, ಛತ್ರಿ, ಟಿಫಿನ್ ಚೀಲ ಹಾಸಿಬಿಡುವರು. ಆಮೇಲೆ ಬಾಗಿಲಲ್ಲಿ ನಿಂತು, "ಕಾಕೂ, ಇಲ್ಲೆ ಬರ್ರಿ, ಜಾಗಾ ಹಿಡಿದೀನಿ!" ಎಂದು ಕೂಗುವರು. ನನ್ನ ಮೇಲೆ ಮಾತ್ರ ಯಾರೂ ಕರ್ಚೀಫು ಹಾಕುತ್ತಿರಲಿಲ್ಲ.

ಇನ್ನು 'ಗೌರವ ಪಾಸು'. ದುಡ್ಡು ಕೊಡದೆ ಬರುವವರಿಗೆ ಕೊಡುವ ಚೀಟಿ. ಕೊಡದವರು ಗೌರವಾನ್ವಿತರು, ಕೊಟ್ಟವರು ಬರೀ ಪ್ರೇಕ್ಷಕರು. 'ಡೋನರ್ ಪಾಸು' ಇನ್ನೂ ಮಜಾ. ಅದು ಟಿಕೆಟ್ಟೇ, ಆದರೆ ಟಿಕೆಟ್ಟು ಎನ್ನಬಾರದು, ನೀವು ಪ್ರೀತಿಯಿಂದ ಕೊಟ್ಟ ದೇಣಿಗೆ ಎನ್ನಬೇಕು. ಟಿಕೆಟ್ಟು ತೆಗೆದುಕೊಂಡೂ ಬಾರದೆ ಹೋದವರಿಗೆ ಈಗಿನ ಹುಡುಗರು 'ನೋ ಶೋ' ಎನ್ನುತ್ತಾರೆ. ಹುಸೇನಸಾಬರು "ಕೈಕೊಟ್ಟಾವ್ರು" ಎನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಒಂದೆರಡು ಸೀಟು ಯಾರಿಗೂ ಮಾರದೆ ಇಟ್ಟುಕೊಳ್ಳುವುದೂ ಉಂಟು, ಅದು 'ಹೌಸ್ ಸೀಟು'. ಯಾರದೋ ಕುರ್ಚಿ ಮುರಿಯಿತು, ಯಾರೋ ಹಿರಿಯರು ಹೇಳದೆ ಬಂದರು, ಆಗ ಮಾನ ಉಳಿಸಲಿಕ್ಕೆ. ಮೂರನೇ ಬೆಲ್ಲಿನವರೆಗೆ ಅದಕ್ಕೆ ಹುಸೇನಸಾಬರೇ ಮಾಲೀಕರು. ಮೊದಲ ಬೆಲ್ಲು, 'ಚಹಾ ಮುಗಿಸಿ'. ಎರಡನೆಯದು, 'ಒಳಗೆ ಬನ್ನಿ'. ಮೂರನೆಯದು ಹೊಡೆಯಿತೆಂದರೆ ಬಾಗಿಲು ಬಿತ್ತು, ದೀಪ ಆರಿತು. ಮಂತ್ರಿಯೇ ಬಂದರೂ ಹೊರಗೇ.

ಇಷ್ಟೆಲ್ಲ ತಿಳಿದ ಕುರ್ಚಿ ಕತ್ತಲಲ್ಲಿ ಕಂಬ ನೋಡುತ್ತ ವರ್ಷ ಕಳೆಯಿತು. ಬಂದು ಕೂತವರು "ಥೂ" ಎನ್ನುವರು, ಕುತ್ತಿಗೆ ಆ ಕಡೆ ಈ ಕಡೆ ಹೊರಳಿಸುವರು, ಇಂಟರ್ವಲ್ಲಿನಲ್ಲಿ ಎದ್ದು ಬೇರೆಡೆ ಓಡುವರು. ನನಗೂ ರೂಢಿಯಾಗಿತ್ತು.

ಆಗ ಬಂದಳು ನೀಲಗಂಗಾ. ಎಲ್ಲರ ಬಾಯಲ್ಲಿ ನೀಲೂ.

ಬಿ.ಕಾಂ. ಓದುವ ಹುಡುಗಿ. ಕಿತ್ತೂರ ಸರ್ ಎನ್ನುವವರು ಕಾಲೇಜು ಮಕ್ಕಳನ್ನು ಕಟ್ಟಿಕೊಂಡು ನಾಟಕ ಆಡಿಸುತ್ತಿದ್ದರು, ಆ ತಂಡದವಳು. ಭವನದಲ್ಲಿ ತಾಲೀಮು ನಡೆಯುವಾಗ ಫೋನ್ ಚಾರ್ಜಿಗೆ ಹಾಕಲು ಕಂಬದ ಪ್ಲಗ್ಗಿಗೆ ಬರುತ್ತಿದ್ದಳು, ಬಂದವಳು ನನ್ನ ಮೇಲೆಯೇ ಕೂರುತ್ತಿದ್ದಳು. ಹಾಗಾಗಿ ಅವಳ ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತಾಯಿತು.

ಹಿಂದಿನ ವರ್ಷ ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಅವಳಿಗೊಂದು ಪಾತ್ರವಿತ್ತಂತೆ. ವಿಂಗಿನಲ್ಲಿ, ಅಂದರೆ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ, ನಿಂತವಳು ನಿಂತೇ ಇದ್ದಳಂತೆ. ಅವಳ ಸರದಿ ಬಂತು, ಹೋಯಿತು. ಕಾಲು ಕೀಳಲೇ ಇಲ್ಲ. ಒಳಗಿದ್ದವರು ಏನೇನೋ ಮಾತು ಜೋಡಿಸಿ ಆಟ ಮುಗಿಸಿದರಂತೆ. ಅದನ್ನು ಯಾರೋ ವಿಡಿಯೋ ಮಾಡಿ ಎಲ್ಲರ ಫೋನಿಗೂ ಹಾಕಿದ್ದರಂತೆ.

"ಈ ಸಲಾನೂ ಹಂಗಾದ್ರ ನಾ ನಾಟಕ ಬಿಟ್ಟಬಿಡ್ತೀನಿ ಲೇ," ಎಂದು ಫೋನಿನಲ್ಲಿ ಗೆಳತಿಗೆ ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ರೆಕ್ಸಿನ್ನಿಗೆ ಉಗುರು ಮೂಡಿತು.

ಕಿತ್ತೂರ ಸರ್ ಅವಳಿಗೆ ಕೊಟ್ಟದ್ದು ಸಣ್ಣ ಪಾತ್ರ, ಆದರೆ ನಾಟಕ ತಿರುಗುವುದೇ ಅಲ್ಲಿ. ಊರವರೆಲ್ಲ ಸೇರಿ ಹಳೆಯ ಬಾವಿ ಮುಚ್ಚಲು ಹೊರಟಿರುತ್ತಾರೆ. ಆಗ ಒಬ್ಬ ಸೊಸೆ ತುಂಬಿದ ಕೊಡ ಹೊತ್ತು ಬಂದು, ಬಾವಿಯಲ್ಲಿ ನೀರು ಬಂದಿದೆ ಎಂದು ಹೇಳಬೇಕು.

"ನೋಡವಾ ನೀಲೂ, ನೀ ಬರಲಿಲ್ಲಾ ಅಂದ್ರ ಬಾವಿ ಮುಚ್ಚತಾರ, ನಾಟಕಾನೂ ಮುಚ್ಚತದ," ಎಂದರು ಸರ್.

"ಬರ್ತೀನ್ರಿ ಸರ್. ನಮ್ಮಜ್ಜಿ ಎದುರಿಗೆ ಕುಂತಿದ್ರ ಬಂದಬರ್ತೀನಿ."

ಅಜ್ಜಿ ಫಕೀರವ್ವ. ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಸಖಿ, ದಾಸಿ, ಗುಂಪಿನಲ್ಲಿ ಗೋವಿಂದ, ಎಲ್ಲ ಮಾಡಿದವರು. ಆದರೆ ಟಿಕೆಟ್ಟು ತೆಗೆದುಕೊಂಡು ಕುರ್ಚಿಯಲ್ಲಿ ಕೂತು ಒಂದು ನಾಟಕವನ್ನೂ ನೋಡಿದವರಲ್ಲ, ನೋಡಿದ್ದೆಲ್ಲ ಪರದೆಯ ಮರೆಯಿಂದ. ಅವರಿಗಾಗಿ ನೀಲೂ ಆನ್‌ಲೈನಿನಲ್ಲಿ ತಾನೇ ಟಿಕೆಟ್ಟು ತೆಗೆದಿದ್ದಳು. ತಾಲೀಮಿನ ಮಧ್ಯೆ ವೇದಿಕೆಯ ಮೇಲಿಂದಲೇ ಕೂಗಿ ಹೇಳಿದಳು:

"ಸರ್, ಅಜ್ಜಿಗೆ ಫಸ್ಟ್ ಕ್ಲಾಸ್ ಸೀಟ್ ಹಿಡಿದೀನ್ರಿ! ಆ ಹಾಳ ಕಂಬ ಎಡಕ್ಕ ಐತಲ್ರಿ, ಅದಕ್ಕ ಮ್ಯಾಪಿನ್ಯಾಗ ನೋಡಿ ಬಲಕ್ಕ ತಗೊಂಡೀನಿ. ಎಫ್ ಹನ್ನೊಂದು!"

ನನ್ನ ನಟ್ಟು ಬೋಲ್ಟು ಎಲ್ಲ ಸಡಿಲವಾದವು.

ಅವಳ ತಪ್ಪು ನಿಮಗೂ ತಿಳಿಯಿತಲ್ಲ? ಈ ಭವನದ ಎಡ ಬಲವನ್ನು ಅವಳು ಲೆಕ್ಕ ಹಾಕಿದ್ದೆಲ್ಲ ವೇದಿಕೆಯ ಮೇಲೆ ನಿಂತು. ಅಲ್ಲಿಂದ ನೋಡಿದರೆ ಕಂಬ ಎಡಕ್ಕೆ. ಟಿಕೆಟ್ಟಿನ ಮ್ಯಾಪು ಮಾಡಿದವರು ಪ್ರೇಕ್ಷಕರ ಕಡೆಯಿಂದ ಮಾಡಿದ್ದರು. ಅಲ್ಲಿಂದ ಕಂಬ ಬಲಕ್ಕೆ. ಆ ಮ್ಯಾಪಿನಲ್ಲಿ ಕುರ್ಚಿಗಳಿದ್ದವು, ಕಂಬವೇ ಇರಲಿಲ್ಲ! ಕಂಬ ತಪ್ಪಿಸಲು ಹೋಗಿ ಕಂಬದ ಹಿಂದಿನದನ್ನೇ ಆರಿಸಿದ್ದಳು ಪುಣ್ಯಾತ್ಗಿತ್ತಿ. ನಟರಲ್ಲದೆ ಬೇರೆ ಯಾರೂ ಇಂಥದ್ದು ಮಾಡಲಾರರು.

"ಭೇಷ್, ಭೇಷ್," ಎಂದರು ಸರ್, ಲೈಟಿನವನ ಜೊತೆ ಫೋನಿನಲ್ಲಿ ಮಾತಾಡುತ್ತ. ಅವರಿಗೆ ಕೇಳಿಸಿರಲೇ ಇಲ್ಲ.

ಎಫ್ ಹನ್ನೊಂದು ನಾನೇ, ನೀನು ದಿನಾ ಕೂರುವ ಕುರ್ಚಿಯೇ, ಬೆನ್ನು ತಿರುಗಿಸಿ ನಂಬರು ನೋಡು ಮಾರಾಯ್ತಿ! ಹೇಗೆ ಕೂಗಲಿ? ಮಡಚಿದ ಸೀಟನ್ನು ಒಮ್ಮೆ ಕಿರ್ ಎನಿಸಿದೆ. "ಎಣ್ಣಿ ಹಾಕ್ಬೇಕಿದಕ್ಕ," ಎಂದು ಹುಸೇನಸಾಬರು ಎಣ್ಣೆ ಹಾಕಿ ಹೋದರು.

ನಾಟಕದ ಸಂಜೆ ಬಂದೇಬಿಟ್ಟಿತು. ಫೋನಿನಲ್ಲಿ 'ಸೋಲ್ಡ್ ಔಟ್' ಎಂದು ಬಂದಿತ್ತು. ಹಳೆಯ ಹೌಸ್‌ಫುಲ್ಲಿನ ಹೊಸ ಹೆಸರು. ಎರಡನೇ ಬೆಲ್ಲಿನ ಹೊತ್ತಿಗೆ ಬಾಗಿಲಲ್ಲಿ ಫಕೀರವ್ವ ಕಾಣಿಸಿದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಫೋನನ್ನು ಆರತಿ ತಟ್ಟೆಯಂತೆ ಹಿಡಿದಿದ್ದರು. ಹುಸೇನಸಾಬರು ಫೋನಿನ ಮೇಲೆ ಫೋನು ಹಿಡಿದರು. ಟುಂಯ್ ಎಂದಿತು.

"ಆತು ಅಜ್ಜೀ, ಒಳಗ ನಡೀರಿ."

"ಅಂದ್ರ? ಹರಿಯೂದಿಲ್ಲೇನು?"

"ಏನ ಹರೀಲಿ ಅಜ್ಜೀ, ನಿಮ್ ಫೋನ್ ಹರೀಲ್ಯಾ?"

"ನಾಕ ಮಂದಿ ಎದುರಿಗೆ ಟಿಕೀಟ ಹರಿಸ್ಕೊಂಡು ಒಳಗ ಹೋಗ್ಬೇಕಂತ ನನಗ ಭಾಳ ಆಸೆ ಇತ್ತು ನೋಡಪಾ." ಮುಖ ಸಣ್ಣದಾಯಿತು. ಹುಸೇನಸಾಬರು ಜೇಬು ತಡಕಾಡಿ, ಯಾವುದೋ ಹಳೆಯ ನಾಟಕದ ಚೀಟಿ ಹುಡುಕಿ, ಪರ್ ಎಂದು ಹರಿದು ಅರ್ಧ ಅವರ ಕೈಗಿಟ್ಟರು. "ತಗೋರಿ. ಈಗ ಪಕ್ಕಾ."

ಅರ್ಧ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅಜ್ಜಿ ನನ್ನ ಬಳಿ ಬಂದರು. ಕೂತರು. ಮುಂದೆ ನೋಡಿದರು.

"ಅಯ್ಯ ಶಿವನ! ಇವತ್ತ ಈ ಕಂಬಾನ ನಾಟಕ ಮಾಡತೈತೇನು?"

ಹಿಂದೆಯೇ ಬಂದಿದ್ದ ಹುಸೇನಸಾಬರು ಹಣೆ ಚಚ್ಚಿಕೊಂಡರು. "ತಪ್ಪಾತ್ರಿ ಅಜ್ಜೀ. ಏಳ್ರಿ, ಮುಂದಿನ ಸಾಲಿನ್ಯಾಗ ಒಂದ ಹೌಸ್ ಸೀಟ್ ಇಟ್ಟೀನಿ. ಲಗೂ ಬರ್ರಿ, ಮೂರನೇ ಬೆಲ್ ಹೊಡೀತಾರ."

ಅಬ್ಬಾ, ಬದುಕಿದೆ, ಎಂದುಕೊಂಡೆ. ಅಜ್ಜಿ ಮುಂದೆ ಹೋಗುತ್ತಾರೆ, ನೀಲೂಗೆ ಎದುರಿಗೇ ಕಾಣುತ್ತಾರೆ, ಎಲ್ಲ ಸರಿಹೋಗುತ್ತದೆ. ಅಜ್ಜಿ ಕೈ ಊರಿ ಅರ್ಧ ಎದ್ದರು. ಎದ್ದವರು ಕಂಬದ ಎಡಬದಿಯಿಂದ ಒಮ್ಮೆ ವೇದಿಕೆಯತ್ತ ಇಣುಕಿದರು. ಹಾಗೆಯೇ ಮತ್ತೆ ಕೂತುಬಿಟ್ಟರು.

"ಬ್ಯಾಡಪಾ. ನನಗ ಇಲ್ಲೇ ಛಲೋ."

"ಇಲ್ಲಿಂದ ಏನ ಕಾಣತೈತ್ರಿ ಅಜ್ಜೀ?"

"ನನಗ ಬೇಕಾದ್ದು ಕಾಣತೈತಿ. ನೀ ಹೋಗು."

ಏನು ಕಂಡಿತು? ಅಜ್ಜಿಯ ತಲೆ ಇದ್ದ ಎತ್ತರದಿಂದ ನಾನೂ ಅತ್ತ ನೋಡಿದೆ. ಕಂಬ ವೇದಿಕೆಯ ನಡುಭಾಗವನ್ನೆಲ್ಲ ನುಂಗಿತ್ತು. ಆದರೆ ಎಡತುದಿ ಉಳಿದಿತ್ತು. ನಾವು ಇಷ್ಟು ಬಲಕ್ಕೆ ಕೂತಿದ್ದರಿಂದ ನಮ್ಮ ನೋಟ ಓರೆಯಾಗಿ ಹೋಗಿ ಎದುರು ಬದಿಯ ಪರದೆಯ ಒಳಕ್ಕೇ ಇಳಿಯುತ್ತಿತ್ತು. ಮುಂದಿನ ಸಾಲಿನ ಗಣ್ಯರಿಗೆ ಕಾಣದ ಜಾಗ ಅದು, ವಿಂಗು. ಅಲ್ಲಿ ನೀಲೂ ನಿಂತಿದ್ದಳು. ಕಂಕುಳಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಪರದೆಯ ಅಂಚು. ಇಷ್ಟು ವರ್ಷ ಇದ್ದವನಿಗೆ ನನಗೇ ಇದು ತಿಳಿದಿರಲಿಲ್ಲ. ನನ್ನ ಮೇಲೆ ಕೂತವರೆಲ್ಲ ಕಂಬವನ್ನು ಬಯ್ಯುವುದರಲ್ಲೇ ಇದ್ದರು, ನಾನೂ ಅವರ ಜೊತೆ ಬಯ್ದುಕೊಂಡಿದ್ದೆ.

ಮೂರನೇ ಬೆಲ್ಲು. ಕತ್ತಲು. ನಾಟಕ ಶುರು.

ಊರವರು ಬಾವಿಯ ಸುತ್ತ ಕೂಗಾಡಿದರು, ಜನ ನಕ್ಕರು. ಅಜ್ಜಿ ಅದೊಂದನ್ನೂ ನೋಡುತ್ತಿರಲಿಲ್ಲ, ಕಣ್ಣು ಪರದೆಯ ಒಳಗೇ. ನೀಲೂ ಮಾತ್ರ ಕಂಬವಿಲ್ಲದ ಬದಿಯ ಸಾಲುಗಳನ್ನು ಹುಡುಕುತ್ತಿದ್ದಳು. ಆ ಕಡೆಯಿಂದ ಈ ಕಡೆಗೆ, ಮತ್ತೆ ಆ ಕಡೆಗೆ. ಅಜ್ಜಿ ಇರಬೇಕೆಂದು ಅವಳು ಎಣಿಸಿದ್ದ ಜಾಗದಲ್ಲಿ ಯಾರೋ ಕನ್ನಡಕದವರು ಕೂತಿದ್ದರು.

"ಹಾಕ್ರಿ ಮಣ್ಣು!" ಎಂದು ವೇದಿಕೆಯ ಮೇಲೆ ಒಬ್ಬ ಗುಡುಗಿದ. ಅದು ಅವಳು ಬರಬೇಕಾದ ಮಾತು.

ಅವಳು ಬರಲಿಲ್ಲ.

"ಹಾಕ್ರೀ ಅಂತೀನಿ, ಮಣ್ಣು!" ಎರಡನೇ ಸಲ. ದನಿಯಲ್ಲಿ ಗಾಬರಿ. ಅವಳು ಪರದೆಯ ಅಂಚನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಗ್ಯಾದರಿಂಗಿನಲ್ಲಿ ಆದದ್ದೇ ಮತ್ತೆ, ನಮ್ಮ ಕಣ್ಣೆದುರೇ.

ಅಜ್ಜಿ ಎದ್ದು ನಿಂತರು. ಕತ್ತಲ ಭವನದಲ್ಲಿ ಬಾಗಿಲ ಕೆಂಪು ದೀಪ ಅವರೊಬ್ಬರ ಮೇಲೆ ಬಿತ್ತು. ಅಲ್ಲಾಡಿದ್ದು ಕಂಡು ನೀಲೂ ಇತ್ತ ತಿರುಗಿದಳು. ಕಂಡಳು.

ಕಂಪನಿಯಲ್ಲಿ ಒಂದು ಪದ್ಧತಿಯಿತ್ತಂತೆ. ಹೊಸಬರು ಅಂಜಿ ನಿಂತರೆ ಹಿಂದಿದ್ದ ಹಿರಿಯರು ಬೆನ್ನಿಗೆ ಅಂಗೈ ಇಟ್ಟು ಒಂದೇ ದೂಡು ದೂಡುವುದು. ಬಯ್ಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ದೂಡುವುದಷ್ಟೇ. ಫಕೀರವ್ವ ಬಲಗೈ ಎತ್ತಿ, ಅಷ್ಟು ದೂರದಿಂದ, ಜೋರಾಗಿ ದೂಡಿದರು. ಕೈ ಹೋಗಿ ಬಡಿದದ್ದು ಕಂಬದ ಪಕ್ಕ, ನಮಗಿಂತ ಒಂದೇ ಸಾಲು ಮುಂದೆ ಕೂತಿದ್ದ ಟೊಪ್ಪಿಗೆಯವರ ಬೆನ್ನಿಗೆ.

"ಯಾರದು! ದೂಡೂದು ಯಾಕ್ರೀ?"

"ನಿಮಗಲ್ರೀ, ಸುಮ್ನ ಕುಂದ್ರಿ!"

ವಿಂಗಿನಲ್ಲಿ ನೀಲೂಗೆ ನಗು ಬಂತು. ಹೆದರಿಕೆಯ ಮಧ್ಯದಲ್ಲೇ ಬಾಯಿ ಅಗಲವಾಯಿತು. ಪರದೆಯಿಂದ ಕೈ ಬಿಟ್ಟಿತು. ಕೊಡ ಎತ್ತಿ ಸೊಂಟಕ್ಕೆ ಸರಿಮಾಡಿಕೊಂಡಳು. ಒಂದು ಹೆಜ್ಜೆ, ಇನ್ನೊಂದು, ಬೆಳಕಿಗೆ ಬಂದಳು, ನಡೆದಳು. ನಡೆದು ನಡೆದು ನೇರ ಕಂಬದ ಹಿಂದೆ ಮರೆಯಾದಳು.

ಅಜ್ಜಿ ಧೊಪ್ಪನೆ ನನ್ನ ಮೇಲೆ ಕೂತರು. "ಹೋತು, ಹೋತು, ಒಳಗ ಹೋತು ನನ್ನ ಕೂಸು," ಎಂದು ಕಣ್ಣು ಮುಚ್ಚಿಕೊಂಡರು. ಅವರ ಬೆನ್ನಿನ ಬಿಗಿಯೆಲ್ಲ ಇಳಿದು ನನ್ನೊಳಗೆ ಹರಿದು ಹೋದ ಹಾಗಾಯಿತು. ಕಂಬದ ಆಚೆಯಿಂದ ನೀಲೂ ದನಿ ಕೇಳಿಸಿತು: "ನಿಂದರ್ರಿ ಎಲ್ಲಾರೂ! ಬಾವ್ಯಾಗ ನೀರ ಬಂದೈತಿ!" ಭವನವಿಡೀ ಚಪ್ಪಾಳೆ. ನಾವಿಬ್ಬರೂ ಏನೂ ನೋಡಲಿಲ್ಲ.

ಆಟ ಮುಗಿದ ಮೇಲೆ ಅವಳು ಬಣ್ಣದ ಮುಖದಲ್ಲೇ ಓಡಿ ಬಂದಳು. ಕಂಬ ನೋಡಿ, ನನ್ನ ಬೆನ್ನಿನ ನಂಬರು ನೋಡಿ, ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಜ್ಜೀ, ಉಲ್ಟಾ ಬುಕ್ ಮಾಡೀನಿ! ನಾ ಹೆಂಗ ಮಾಡಿದೆ ನೋಡಲೇ ಇಲ್ಲೇನು?"

"ಎಲ್ಲೀದು. ಕಂಬ ಛಲೋ ಮಾಡಿತು."

"ಅಜ್ಜೀ!"

"ನೀ ಹೋಗೂದು ನೋಡಿದ್ನೆಲ್ಲವಾ. ಹ್ವಾದ ಮ್ಯಾಲ ಎಲ್ಲಾರೂ ಮಾಡತಾರ."

ಅಂದಿನಿಂದ ಅವಳ ಪ್ರತಿ ನಾಟಕಕ್ಕೂ ಫಕೀರವ್ವ ನನ್ನನ್ನೇ ಕೇಳಿ ಪಡೆದರು. "ಕಂಬದ ಹಿಂದಿಂದು ಕೊಡಪಾ" ಎಂದರೆ ಹುಸೇನಸಾಬರು ನಗುತ್ತಿದ್ದರು. ಒಂದು ಸಂಜೆ ಮಾತ್ರ ಅಜ್ಜಿ ನನ್ನ ಪಕ್ಕದಿಂದಲೇ ದಾಟಿ ಮುಂದಿನ ಸಾಲಿಗೆ ಹೋಗಿ ಕೂತರು. "ಈಗ ಆಕಿ ತಾನ ಬರ್ತಾಳ. ಇನ್ನ ನಾ ನಾಟಕ ನೋಡ್ತೀನಿ," ಎಂದರು. ನನಗೆ ಚುರುಕ್ಕೆಂದದ್ದು ನಿಜ. ಆದರೆ ಆ ರಾತ್ರಿ ದೀಪ ಆರಿದ ಮೇಲೆ ಎಷ್ಟು ಹಗುರವಾಗಿದ್ದೆ!

ವರ್ಷಗಳು ಹೋದವು. ಭವನಕ್ಕೆ ಮೆತ್ತನೆಯ ಹೊಸ ಸೀಟು ಬಂದವು, ಚಹಾ ಕಪ್ಪು ಇಡಲು ತೂತು ಇರುವಂಥವು. ನಾವು ಗುಜರಿ ಅಂಗಡಿಗೆ. ಅಲ್ಲಿ ಒಬ್ಬರ ಮೇಲೊಬ್ಬರನ್ನು ತಲೆಕೆಳಗಾಗಿ ಒಟ್ಟಿದರು. ಪಕ್ಕದಲ್ಲಿ ಕಬ್ಬಿಣ ಕತ್ತರಿಸುವ ಮಷೀನು ಕಿರುಚುತ್ತಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

"ಎಫ್ ಹನ್ನೊಂದು ಅಂತ ಬರ್ದದ್ದು ಐತೇನ್ರಿ?"

ನೀಲೂ! ಈಗ ಸ್ವಂತ ತಂಡ ಕಟ್ಟಿದವಳು, ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು.

"ಯಾವುದರ ತಗೋರಿ ಅಕ್ಕಾರ, ಎಲ್ಲಾ ಒಂದ ಕಬ್ಬಿಣ," ಎಂದ ಅಂಗಡಿಯವನು.

"ಒಂದ ಅಲ್ರೀ ಅಣ್ಣಾರ," ಎಂದು ತಾನೇ ರಾಶಿಯೊಳಗೆ ಕೈ ಹಾಕಿ, ಸೀರೆಗೆಲ್ಲ ತುಕ್ಕು ಮಾಡಿಕೊಂಡು ನನ್ನನ್ನು ಎಳೆದಳು.

ಈಗ ನಾನಿರುವುದು ಅವಳ ತಂಡದ ವಿಂಗಿನಲ್ಲಿ, ಪರದೆಯ ಮರೆಯಲ್ಲಿ. ಈ ಜಾಗಕ್ಕೆ ಸಾಲಿಲ್ಲ, ನಂಬರಿಲ್ಲ, ಯಾವ ಮ್ಯಾಪಿನಲ್ಲೂ ಇದು ಬರುವುದಿಲ್ಲ. ಒಳಗೆ ಹೋಗುವ ಮುನ್ನ ಅಂಜಿಕೆಯಾದವರು ಕೂರುವ ಕುರ್ಚಿ ನಾನು. ಮೊನ್ನೆ ಒಬ್ಬ ಕೂತಿದ್ದ, ಪೊಲೀಸ್ ಪಾತ್ರದವನು. ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ, ಲಾಠಿಯಿಂದ ನನ್ನ ಕಾಲಿಗೆ ಟಕಟಕ ಬಡಿಯುತ್ತಿದ್ದ. ಅವನ ಮಾತು ಬಂತು. ಎದ್ದ. ಹೋದ.

ಭವನದಲ್ಲಿದ್ದಾಗ ನನ್ನ ಮೇಲೆ ಯಾರೂ ಇಲ್ಲದಿದ್ದರೆ ನಾಚಿಕೆಯಾಗುತ್ತಿತ್ತು, ಖಾಲಿ ಕುರ್ಚಿ ಎಂದರೆ ಸೋತ ಆಟ. ಇಲ್ಲಿ ನಾನು ಖಾಲಿಯಾದೆ ಎಂದರೆ ಯಾರೋ ಒಬ್ಬರು ಒಳಗೆ ಹೋದರು ಎಂದರ್ಥ. ಅವರು ಬಿಟ್ಟುಹೋದ ಮೈಯ ಬಿಸಿ ಸ್ವಲ್ಪ ಹೊತ್ತು ನನ್ನಲ್ಲಿ ಇರುತ್ತದೆ. ಅದು ಆರುವವರೆಗೆ ಅವರ ಮಾತು ಕೇಳುತ್ತ ಕೂತಿರುತ್ತೇನೆ.